ವಿ-ಏಳರ ಹನ್ನೊಂದು ನಿಮಿಷ

ಹೆಸರು ಬರಿಯೂ ಹಂಗಿಲ್ಲ. ಒಪ್ಪಿಗಿ ಪತ್ರದಾಗ ನಾನ ಹಂಗ ಬರದೀನಿ,
ಕೆಳಗ ಆಕಿ ಸಹಿ ಮಾಡ್ಯಾಳ.
ಅದಕ್ಕ ವಿ-ಏಳು. ವಿದ್ಯಾರ್ಥಿ, ಏಳನೆಯಾಕಿ.
"ನಮ್ಮ ಹಳೀ ಮನಿ ಗ್ವಾಡಿಗೂ ಹಿಂಗ ನಂಬರ ಬರದಿದ್ರಂತ್ರಿ ಸರ,
ಕೆಂಪು ಬಣ್ಣದಾಗ," ಅಂದ್ಲು. ನಕ್ಕಳು.
ನಾ ನಗಲಿಲ್ಲ, ಟಿಪ್ಪಣಿ ಮಾಡಿಕೊಂಡೆ.

ಬಾಗಲಕೋಟಿ, ನವನಗರ. ಕಾಲೇಜಿನ ಕಂಪ್ಯೂಟರ್ ಕೋಣಿ.
ಮೇಜು ಹನ್ನೆರಡು, ನಡಿಯೂವು ಒಂಬತ್ತು,
ಫ್ಯಾನಿಗೆ ಒಂದ ಸ್ಪೀಡು.
ಕೊಟ್ಟ ಕೆಲಸ: "ಮುಳುಗಡೆ ಮತ್ತು ಪುನರ್ವಸತಿ", ಎಂಟುನೂರು ಶಬ್ದ,
ಆಧಾರಗಳ ಪಟ್ಟಿ ಕಡ್ಡಾಯ.
ಪರದೆ ತನ್ನಷ್ಟಕ್ಕ ರೆಕಾರ್ಡ್ ಆಗತಿತ್ತು.
ಒತ್ತಿದ ಒಂದೊಂದು ಕೀಲಿಗೂ ಹೊತ್ತು ಬೀಳತಿತ್ತು,
ಸೆಕೆಂಡಿನ ಸಾವಿರದ ಒಂದು ಪಾಲಿನ ತನಕ.

"ಮನಸಿನ್ಯಾಗ ಬಂದದ್ದು ಬಾಯಿಬಿಟ್ಟು ಹೇಳಕೋತ ಬರಿಬೇಕು" ಅಂದೆ.
"ಹುಚ್ಚರಂಗ?"
ಎರಡು ನಿಮಿಷ ಹೇಳಿದ್ಲು:
ಈಗ ಹುಡಕಾಕತ್ತೀನಿ, ಇದು ಬಂತು, ಇದು ಬ್ಯಾಡ,
ಇದರಾಗ ಬರೇ ಜಾಹೀರಾತು...
ಆಮ್ಯಾಲ ಸುಮ್ಮಾದ್ಲು.
ವಿಧಾನದ ಪುಸ್ತಕದಾಗ ಇದಕ್ಕೊಂದು ಉದ್ದನ್ನ ಹೆಸರೈತಿ.
ನಮ್ಮವ್ವ ಆಗಿದ್ರ, "ಕೆಲಸಕ್ಕ ಹತ್ಯಾಳ, ಮಾತಾಡಸಬ್ಯಾಡ" ಅಂತಿದ್ಲು.

ರಾತ್ರಿ ಬಾಡಿಗಿ ಕೋಣ್ಯಾಗ
ಆಕಿಯ ಐವತ್ತು ನಿಮಿಷ ನಾ ಆರು ತಾಸು ನೋಡಿದೆ,
ನಿಲ್ಲಿಸಿ, ಹಿಂದಕ್ಕ ಎಳದು, ಮತ್ತ ನಡಸಿ.
ಹುಡುಕಾಟಕ್ಕ ಹಳದಿ. ನಕಲಿಗೆ ಹಸರು.
ತಿದ್ದಿದ್ದಕ್ಕ ನೀಲಿ.
ಹದಿನಾಲ್ಕು ಪುಟ ತೆರದಾಳ, ಹನ್ನೊಂದರಾಗ ಅವ ನಾಕು ವಾಕ್ಯ.
ಮೂರು ಕಡೆ ಮಾತ್ರ, ಯಾವನೋ ಪುಣ್ಯಾತ್ಮನ ಬೆರಳು ಜಾರಿ,
"ಸಂತ್ರಸ್ತರು" ಇದ್ದವರು "ಸಂತೃಪ್ತರು" ಆಗ್ಯಾರ.
ವಿ-ಏಳು ಅದನ್ನೂ ಎತ್ತಿದ್ಲು, ಅಂಟಿಸಿದ್ಲು,
ಒಂದೀಟು ತಡದು, ಒಂದ ಅಕ್ಷರ ಬಿಡದ ತಿದ್ದಿದ್ಲು.
ಹಸರಿನ ಮ್ಯಾಲ ನೀಲಿ ಬಳದೆ. ಯಾವ ಬಣ್ಣಾನೂ ಆಗಲಿಲ್ಲ.

ಇಪ್ಪತ್ಮೂರನೇ ನಿಮಿಷಕ್ಕ ಕೀಲಿ ನಿಂತವು.
ಮೌಸ್ ಅಲಗಲಿಲ್ಲ. ಕರ್ಸರ್ ಒಂದ ಮಿಟುಕತಿತ್ತು.
ಹನ್ನೊಂದು ನಿಮಿಷ.
ತಂತ್ರಾಂಶ ಬೂದಿ ಬಣ್ಣ ಹಚ್ಚಿ "ನಿಷ್ಕ್ರಿಯ" ಅಂತು. ನಾನೂ ಹೌದಂದೆ.

ಆಮ್ಯಾಲ ಒಂದು ವಾಕ್ಯ ಬಂತು, ಎಲ್ಲಿಂದನೂ ಎತ್ತಿದ್ದಲ್ಲ:
"ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಹಿಟ್ಟಿನ ಗಿರಣಿಯ ಕಟ್ಟೆ ಕಾಣುತ್ತದೆ,
ಅದರ ಮೇಲೆ ಎಮ್ಮೆಗಳು ಮಲಗುತ್ತವೆ."
ಚುಕ್ಕಿ ಇಟ್ಲು. ನಾಕು ಸೆಕೆಂಡು.
ಅಳಸೂ ಕೀಲಿ ಒತ್ತಿ ಹಿಡದ್ಲು.
ಎಮ್ಮಿ ಮೊದಲು ಎದ್ದು ಹೋದ್ವು,
ಆಮ್ಯಾಲ ಕಟ್ಟಿ, ಗಿರಣಿ, ಹಿಟ್ಟು,
ನೀರು,
ಎಲ್ಲಾಕಿಂತ ಕಡೀಕ ಬ್ಯಾಸಗಿ.
ಅಲ್ಲಿ ಎರಡನೇ ಪುಟದ ಮೂರನೇ ವಾಕ್ಯ ತಂದು ಕೂಡ್ರಿಸಿದ್ಲು.
ಹಸರು.

ಮರುದಿನ ಅದ ಪರದೆ ಆಕಿ ಮುಂದ ಇಟ್ಟು ಕೇಳಿದೆ,
"ಈ ಬೂದಿ ಬಣ್ಣದಾಗ ಏನು ಮಾಡತಿದ್ದಿ?"
"ಹೊರಗ ಹೋಗಿ ದೊಡ್ಡವ್ವಗ ಫೋನ್ ಹಚ್ಚಿದ್ನಿರಿ.
ಗಿರಣಿ ಯಾವ ಓಣ್ಯಾಗಿತ್ತಂತ ಕೇಳಾಕ. ಆಕಿ ಓಣಿ ಹೇಳೂದು ಬಿಟ್ಟು
ಬೀಸಿದ ರೊಕ್ಕ ಯಾರ್ಯಾರು ಕೊಡೂದೈತಿ ಅಂತ ಹೇಳಕೋತ ಹೋದ್ಲು.
ಹದಿನೇಳು ಮನಿ. ಹೆಸರು ಸಹಿತ."
"ಮತ್ಯಾಕ ಅಳಿಸಿದಿ?"
"ಆಧಾರ ಏನಂತ ಬರೀಲ್ರಿ ಸರ?
ದೊಡ್ಡವ್ವ, ಫೋನು, ಹನ್ನೊಂದು ನಿಮಿಷ?"

ಗೈಡ್ ಸಾಹೇಬರು ಅಂಚಿನ್ಯಾಗ ಬರದು ಕಳಿಸ್ಯಾರ:
ನಿಷ್ಕ್ರಿಯ ಅವಧಿಗಳನ್ನು ಕೈಬಿಟ್ಟು ವಿಶ್ಲೇಷಿಸಿ.
ಮೂರು ದಿನ ಆತು, ಉತ್ತರ ಬರದಿಲ್ಲ.
ಬರದೆ, ಅಳಸಿದೆ, ಬರದೆ.
ನನ್ನ ಕೀಲಿ ಲೆಕ್ಕ ಇಡಾವ್ರು ಯಾರಿದ್ದಾರ.

ಆಕಿ ಅಳಸಿದ ವಾಕ್ಯ ಮಾತ್ರ ಆ ಲೆಕ್ಕದ ಫೈಲಿನ್ಯಾಗ ಹಂಗ ಐತಿ,
ಒಂದೊಂದ ಅಕ್ಷರ, ಒಂದೊಂದರ ಹೊತ್ತು.
ಬಳಸಲೇನವಾ ಅಂತ ಮತ್ತೊಮ್ಮಿ ಕೇಳಿದೆ, ಕಾರಿಡಾರಿನ್ಯಾಗ ಹಿಡದು.
ಒಪ್ಪಿಗಿ ಪತ್ರದಾಗ ಅಳಸಿದ್ದರ ಮಾತ ಇರಲಿಲ್ಲ.

"ಬರಕೋರಿ," ಅಂದ್ಲು. ನಾಕು ಹೆಜ್ಜಿ ಹೋಗಿ ತಿರುಗಿದ್ಲು.
"ಎಮ್ಮಿ ನಮ್ಮವಲ್ಲರಿ ಸರ. ಅದಷ್ಟು ಸರಿ ಮಾಡ್ರಿ."