ಎಡ ಮೂಲೆ

ಫಾರಮ್ಮಿನಲ್ಲಿ ಒಂದೇ ಗೆರೆ:
ತಲೆಗೆ ಪೆಟ್ಟು ಬಿದ್ದ ದಿನಾಂಕ.
ಶಿವಮೊಗ್ಗದ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ
ಪೆನ್ನು ಹಿಡಿದು ಕೂತಿದ್ದೇನೆ.
ಯಾವುದನ್ನು ಬರೆಯಲಿ?

ದೊಡ್ಡ ಪೆಟ್ಟಿಗಾದರೆ ತಾರೀಖಿರುತ್ತದೆ,
ಹೊಲಿಗೆ, ಸಾಕ್ಷಿ, ನೋಡಲು ಬಂದವರ ಮೂಸಂಬಿ.
ನನ್ನವು ಸಣ್ಣವು.
ಭದ್ರಾವತಿಯ ಮಣ್ಣಿನ ಅಂಕಣದಲ್ಲಿ
ಹನ್ನೊಂದು ವರ್ಷ ಎಡ ಮೂಲೆ ಕಾದವಳು ನಾನು.
ದಾಳಿಗೆ ಬಂದವಳ ಹಿಮ್ಮಡಿಗೆ ಹಾರಿ ಬೀಳುವುದು;
ಅವಳ ಮೊಣಕಾಲು, ನನ್ನ ಕಪಾಲ,
ನಮ್ಮವಳೇ ಶಕೀಲಾಳ ಮೊಣಕೈ,
ನೆಲ, ಮತ್ತೆ ನೆಲ.
ಎರಡು ಕ್ಷಣ ಬೆಳ್ಳನೆಯ ಬೆಳಕು,
ಬಾವಿಯೊಳಗಿಂದ ಊದಿದಂತೆ ಸೀಟಿ.
"ತಲೆ ಕೊಡವು, ಏಳು" ಎನ್ನುತ್ತಿದ್ದರು ಬೋರಯ್ಯ ಮೇಷ್ಟ್ರು.
ಕೊಡವುತ್ತಿದ್ದೆ. ಏಳುತ್ತಿದ್ದೆ.
ಒಂದು ಅಂಕ ನಮಗೆ.

ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ.
"ಸಣ್ಣ ಪೆಟ್ಟು ಚಿತ್ರಕ್ಕೆ ಸಿಗೋದಿಲ್ಲಮ್ಮ,
ಒಂದು ಆರುವ ಮೊದಲೇ ಇನ್ನೊಂದು ಬಿದ್ದರೆ
ಒಳಗಿನ ಎಳೆ ಜಗ್ಗುತ್ತೆ" ಎಂದರು ಡಾಕ್ಟರು.
ಎಳೆ ಗೊತ್ತು ನನಗೆ.
ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ಕಾಲರು ಕೂರಿಸುವುದೇ ಕೆಲಸ.
ಮೇಲಿಂದ ನೋಡಿದರೆ ಹೊಲಿಗೆ ನೆಟ್ಟಗೆ;
ಅಡಿಯ ಬಾಬಿನ್ನಿನ ನೂಲು ಸಡಿಲಾಗಿದ್ದದ್ದು
ಎರಡನೇ ಒಗೆತಕ್ಕೆ ತಿಳಿಯುತ್ತದೆ.

ಹನ್ನೊಂದಕ್ಕೆ ಮಲಗಿದರೆ ಎರಡಕ್ಕೆ ಎಚ್ಚರ.
ಬಲಗಿವಿಯ ಹಿಂದೆ ಯಾರೋ ತೊಡೆ ತಟ್ಟಿ
ಕಬಡ್ಡಿ ಕಬಡ್ಡಿ ಎನ್ನುತ್ತ ಒಳಬರುತ್ತಾಳೆ.
ಉಸಿರು ಬಿಡುವುದಿಲ್ಲ, ಗೆರೆಗೆ ಮರಳುವುದಿಲ್ಲ.
ಹಿಡಿಯಲು ನನ್ನ ಕಡೆ ಯಾರೂ ಉಳಿದಿಲ್ಲ.
ನಿದ್ದೆಗೆಟ್ಟ ದಿನ ನೋವು ಹೆಚ್ಚು,
ನೋವು ಹೆಚ್ಚಿದ ದಿನ ನಿದ್ದೆ...
ಇದನ್ನು ಆಗಲೇ ಹೇಳಿದೆನಾ?

ಟ್ಯೂಬ್‌ಲೈಟು ಸೂಜಿ. ಒಗ್ಗರಣೆಯ ಸಾಸಿವೆ ಸೂಜಿ.
ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟುತ್ತಾ ಅನ್ನುತ್ತಾಳೆ,
"ಎಲ್ಲಾನೂ ತಲೆಗೆ ಹಚ್ಕೋಬೇಡ್ವೇ."

ಗೆರೆ ಖಾಲಿ ಬಿಟ್ಟೇ ಫಾರಮ್ಮು ಕೊಟ್ಟು ಬಂದೆ.
ಬಸ್ಸಿಳಿದರೆ, ಹಳೇನಗರದ ಶಾಲೆ ಬಯಲಲ್ಲಿ
ಹುಡುಗಿಯರ ಆಟ. ಸುಣ್ಣದ ಗೆರೆ ಇನ್ನೂ ಹಸಿ.
ಮೂಲೆಯವಳು ಬಿದ್ದಳು, ಎದ್ದಳು,
ತಲೆ ಕೊಡವಿ ನಕ್ಕಳು:
"ಏನೂ ಆಗ್ಲಿಲ್ಲಕ್ಕಾ!"

ಚಪ್ಪಲಿ ಸಮೇತ ಅಂಕಣಕ್ಕಿಳಿದುಬಿಟ್ಟೆ.
ಯಾರದೋ ಅಂಕ ಹಾಳಾಯಿತು, ಬೈದರು.
ಅವಳ ಗದ್ದ ಎತ್ತಿ ಕೇಳಿದೆ,
ಇವತ್ತು ಯಾವ ವಾರ, ಹೇಳು?

"ಬುಧವಾರ" ಅಂದಳು ಥಟ್ಟನೆ.

ಸರಿಯೋ ತಪ್ಪೋ ತಿಳಿಯದೆ
ಗದ್ದ ಹಿಡಿದೇ ನಿಂತಿದ್ದೇನೆ.