ಚಿಪ್ಪಿನಡಿ

ಬ್ಲಫ್ ಬಂದರಿನ ಪಾರಾತೇನೆ
ಮೂವತ್ತು ವರುಷ ಚಿಪ್ಪು ಬಿಡಿಸಿದವನು.
ಕಿರುಚೂರಿ, ಒಂದೇ ತಿರುವು, ಸಿಂಪಿ ಬಾಯಿಬಿಟ್ಟಿತು.
ಇವತ್ತು ಕೋಳಿ ಕೂಗುವ ಮುಂಚೆ
ಅವನದೇ ಮಂಡಿಚಿಪ್ಪಿನಡಿ ಸೂಜಿ ಇಳಿಸಿ ತೆಗೆದದ್ದು
ಇನ್ವರ್‌ಕಾರ್ಗಿಲ್ಲಿನ ನನ್ನ ಮೇಜಿಗೆ ಬಂದಿದೆ,
ಇನ್ನೂ ಮೈಬಿಸಿ.

ಕೊಳವೆಯನ್ನು ಪೇಪರಿನ ಮೇಲಿಡು ಅನ್ನುತ್ತಿದ್ದಳು ಐಲ್ಸಾ,
ನಿವೃತ್ತಿಗೆ ಮುಂಚೆ;
ಆಚೆಯ ಅಕ್ಷರ ಓದಲು ಬಂದರೆ ಕೀಲು ನೆಟ್ಟಗಿದೆ.
ಇಟ್ಟೆ. ಕುದುರೆ ರೇಸಿನ ಫಲಿತಾಂಶ
ಮಜ್ಜಿಗೆಯಲ್ಲಿ ಮುಳುಗಿತು.
ಹನಿ ಇಳಿಬಿಟ್ಟೆ: ಜೇನಿನ ಹಾಗೆ ಎಳೆಯಾಗಬೇಕಿತ್ತು,
ಕೆಟ್ಟ ನಲ್ಲಿಯ ಹಾಗೆ ತೊಟ್ಟಿಕ್ಕಿತು.

ರೋಗಾಣು ಹೊಕ್ಕಿದೆಯೋ ಎಂದು
ಆಪರೇಷನ್ ಥಿಯೇಟರು ಕಾಯುತ್ತಿದೆ.
ಫೋನು ಎರಡು ಸಲ ಬಡಿದುಕೊಂಡಿತು.
ಬಿಳಿಕಣ ಎಣಿಸಿದೆ, ಬಣ್ಣ ಹಾಕಿ ಹುಡುಕಿದೆ: ಕಾಣಲಿಲ್ಲ.
ಆಮೇಲೆ ಬೆಳಕಿಗೆ ಜರಡಿ ಹಿಡಿದು ನೋಡಿದರೆ
ಸೂಜಿಗಳು, ಕತ್ತಲ ತುಂಬ ಸೂಜಿಗಳು,
ಉದ್ದಕ್ಕೆ ಮಲಗಿದರೆ ಹಳದಿ, ಅಡ್ಡ ತಿರುಗಿಸಿದರೆ ನೀಲಿ.
ಎಷ್ಟು ಚಂದ, ಅಂದೆ.
ಅಂದು ನಾಲಿಗೆ ಕಚ್ಚಿಕೊಂಡೆ.

‘ತಿಂದದ್ದು ಕುಡಿದದ್ದು ಕಾಲಿಗಿಳಿದಿದೆ’
ಎಂದು ನಗುವವರುಂಟು ಅವನ ಶೆಡ್ಡಿನಲ್ಲಿ.
ಸಿಂಪಿಯ ವಾಸನೆಗೇ ಮೂಗು ಮುಚ್ಚುವ ತಂಗಿಗೂ
ಅವರ ಅಜ್ಜನಿಗೂ ಇದೇ ನೋವಂತೆ,
ಚೀಟಿಯ ಮೂಲೆಯಲ್ಲಿ ನರ್ಸ್ ಗೀಚಿದ್ದಾಳೆ.
ನನ್ನ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

‘ಯೂರೇಟ್ ಹರಳು: ಇವೆ.
ರೋಗಾಣು: ಸದ್ಯಕ್ಕೆ ಕಂಡಿಲ್ಲ. ಕಲ್ಚರ್ ನಾಳೆ, ನಾಡಿದ್ದು.’
ಇಷ್ಟು ಬರೆದು ಫೋನೆತ್ತಿ ಓದಿದೆ.
ಆ ಕಡೆ ಯಾರೋ ಉಸಿರು ಬಿಟ್ಟರು:
‘ಸರಿ. ಇವತ್ತಿಗೆ ಚೂರಿ ಬೇಡ.’