ಮೂರು ಬೆರಳು

ಬಾಯಿ ತೆರೆ, ಗೆವಾ ಅತ್ತೆ.
ನಿನ್ನದೇ ಮೂರು ಬೆರಳು, ಒಂದರ ಮೇಲೊಂದು,
ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡು.
ಹೋಗಬೇಕು.
ನಿನಗೆ ಎರಡು ಹೋದವು. ಮೂರನೆಯದು
ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ನಿಂತ ನೆಂಟನ ಹಾಗೆ
ಹೊರಗೇ ಉಳಿಯಿತು.
ನಕ್ಕೆ ನೀನು. ನಗುವೂ ಎರಡೇ ಬೆರಳು.

ಹನುವಾಬಾದದ ಕಂಬದ ಮನೆಗಳ ಕೆಳಗೆ
ಇಳಿತದ ಕೆಸರು, ಖಾಲಿ ಬಾಟಲಿ, ಓರೆಯಾಗಿ ಓಡುವ ಏಡಿ.
ಹಲಗೆ ಸೇತುವೆಯ ತುದಿಗೆ ನಿನ್ನ ಮೇಜು:
ಐದೈದರ ಗುಪ್ಪೆಯಲ್ಲಿ ಹಸಿರು ಬುವಾಯ್ ಅಡಿಕೆ,
ವೀಳ್ಯದ ಎಲೆಯಲ್ಲ, ಬೆರಳುದ್ದದ ಅದರ ಕಾಯಿ,
ತುಕ್ಕು ಡಬ್ಬಿಯಲ್ಲಿ ಹವಳ ಸುಟ್ಟ ಸುಣ್ಣ.
ಮೊದಲ ಗಿರಾಕಿ ದಿನವೂ ನೀನೇ.
ಆಕಾಶಕ್ಕಿಂತ ಮೊದಲು
ಬೆಳಗು ಕೆಂಪಾಗುತ್ತಿದ್ದದ್ದು ನಿನ್ನ ಬಾಯಲ್ಲಿ.

ಮಂಗಳವಾರ ನೀನು ಆಚೆ ಕೋಣೆಯವಳು.
ಅಲ್ಲಿ ಬೆರಳು ಚುಚ್ಚುತ್ತಾರೆ, ತೋಳಿಗೆ ಪಟ್ಟಿ ಬಿಗಿಯುತ್ತಾರೆ,
ಸೊಂಟಕ್ಕೆ ಟೇಪು ಸುತ್ತುತ್ತಾರೆ. ಹಸಿರು ಕಾರ್ಡು.
ಶುಕ್ರವಾರ ನನ್ನವಳು. ಹಳದಿ ಕಾರ್ಡು.
ಬಾಯಿ ಬಿಟ್ಟರೆ ಬಣ್ಣ ಬಯಲಾಗುವ ಕೋಣೆ ನನ್ನದು.
ಹದಿನಾಲ್ಕು ತಿಂಗಳು ಆ ಎರಡು ಕಾರ್ಡು
ನಿನ್ನ ನೂಲಿನ ಚೀಲದಲ್ಲಿ
ಮಾತು ಬಿಟ್ಟ ಅಕ್ಕತಂಗಿಯರಂತೆ ಬೆನ್ನು ತಿರುಗಿಸಿ ಮಲಗಿದ್ದವು.

ಕರೆಂಟು ಹೋದ ಈ ಮಧ್ಯಾಹ್ನ
ಎರಡನ್ನೂ ಕಿಟಕಿಗೆ ಹಿಡಿದು ಓದಿದೆ.
ಫೆಬ್ರವರಿ: ಸೊಂಟ ತೊಂಬತ್ತೊಂದು, ಬಾಯಿ ಮೂವತ್ತೆಂಟು.
ಆಗಸ್ಟು: ತೊಂಬತ್ತಾರು. ಮೂವತ್ತಮೂರು.
ಈಗ ನೂರ ಎರಡು, ಇಪ್ಪತ್ತೊಂಬತ್ತು.
ಅದು ಸೆಂಟಿಮೀಟರು, ಇದು ಮಿಲಿಮೀಟರು, ನಿಜ.
ಆದರೂ ನೋಡು,
ನಡು ಹಿಗ್ಗುತ್ತ ಹೋದಂತೆ ಬಾಯಿ ಕುಗ್ಗುತ್ತ ಬಂದಿದೆ.

ಇದರಿಂದಲೇ ಅದು ಎಂದು ಆಣೆ ಇಡಲಾರೆ.
ಸಕ್ಕರೆ ಏರಿದ ರಕ್ತದಲ್ಲಿ ಗಾಯ ತಡವಾಗಿ ಮಾಯುತ್ತದೆ,
ಅಷ್ಟು ಬಲ್ಲೆ. ಒಳಗೆನ್ನೆ ನಾರುಗಟ್ಟಿದೆ,
ಬೆರಳಿಟ್ಟರೆ ಒಣಗಿದ ಹಗ್ಗ ಸಿಗುತ್ತದೆ, ಅದೂ ಬಲ್ಲೆ.
ಖಾರ ಉರಿಯುತ್ತದೆ ಅನ್ನುತ್ತೀ, ಗೆಣಸು ಅಗಿಯಲಾಗದು,
ಸೊಪ್ಪು ಸಿಕ್ಕಿಕೊಳ್ಳುತ್ತದೆ,
ಹಾಗಾಗಿ ಸಿಹಿ ಚಹಾದಲ್ಲಿ ಅದ್ದಿದ ಬಿಸ್ಕತ್ತು,
ಕೊಳವೆಯಲ್ಲಿ ಹೀರುವ ಕಿತ್ತಳೆ ಬಣ್ಣದ ಸೋಡಾ.
ಸಕ್ಕರೆ ಬಿಡು ಅನ್ನುತ್ತದೆ ಆ ಕೋಣೆ,
ಬಿಟ್ಟು ತಿನ್ನುವುದೇನು ಎಂದು ಕೇಳಲು
ಈ ಕೋಣೆಗೆ ಬರಬೇಕು.

ಎಡಗೆನ್ನೆಯ ಒಳಗೊಂದು ಬಿಳಿ ಮಚ್ಚೆ.
'ಸುಣ್ಣ ಮೆತ್ತಿದೆ ಹೆಬೌ, ಒರೆಸು' ಅಂದೆ.
ಹತ್ತಿಯಲ್ಲಿ ಒರೆಸಿದೆ. ಉಳಿಯಿತು.
ಉಪ್ಪುನೀರಲ್ಲಿ ಮುಕ್ಕಳಿಸಿದೆ ನೀನು. ಉಳಿಯಿತು.
ಸುಣ್ಣ ಬಳಿದ ಗೋಡೆಯೊಳಗಿಂದ
ಯಾರೋ ಸುಣ್ಣ ಬಳಿಯುತ್ತಿರುವ ಹಾಗೆ.

ಇದು ಆ ಕಾಯಿಲೆ ಅಲ್ಲ, ಅತ್ತೆ. ಇನ್ನೂ ಅಲ್ಲ.
'ಇನ್ನೂ' ಎಂಬ ಸಣ್ಣ ಮಾತಿನ ಮೇಲೆ
ನಾವಿಬ್ಬರೂ ನಿಂತಿದ್ದೇವೆ, ನಮ್ಮೂರ ಮನೆಗಳ ಹಾಗೆ.
ಕೆಳಗೆ ನೀರು ಬರುತ್ತದೆ, ಹೋಗುತ್ತದೆ.
ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ ಕಳಿಸಬೇಕು.
ಮೇಜು ಮಡಚಬೇಕು.

ಮೇಜು ಅಂದ ತಕ್ಷಣ ಸುಮ್ಮನಾದೆ.
ಆಮೇಲೆ, ಬಾಯಿ ಪೂರ್ತಿ ತೆರೆಯದೆ:
'ನಿನ್ನ ಹಲ್ಲಿನ ಓದಿಗೆ ಫೀಸು ಕಟ್ಟಿದ್ದು ಯಾವ ಮೇಜು?'

ಉತ್ತರ ನನ್ನಲ್ಲಿರಲಿಲ್ಲ.
ಸ್ಟೇಪ್ಲರ್ ಇತ್ತು. ಹಸಿರು ಕಾರ್ಡನ್ನೂ ಹಳದಿಯನ್ನೂ
ಸೇರಿಸಿ ಒಂದು ಪಿನ್ನು ಹೊಡೆದೆ,
ಮಂಗಳವಾರ ನಾನೂ ಜೊತೆಗೆ ಬರುತ್ತೇನೆ ಅಂದೆ.
ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ ನೀನು,
ಕೆಳಗೆ ನಿಂತು, ಅಭ್ಯಾಸಬಲದಿಂದ,
ಮಡಿಲಲ್ಲಿದ್ದ ಕಾಯಿ ಮುಟ್ಟಿ ನೋಡಿಕೊಂಡೆ.
ಹಲ್ಲಿಗಿಟ್ಟೆಯೋ ಇಲ್ಲವೋ ಕಾಣಲಿಲ್ಲ.

ಬಾಗಿಲು ಮುಚ್ಚಿದೆ.
ನಲ್ಲಿ ತಿರುಗಿಸಿದೆ, ಬೆಳಗಿನ ಕೆಂಪು
ನನ್ನ ಬೋಗುಣಿಯಲ್ಲೂ ತೆಳ್ಳಗೆ ಇತ್ತು.
ಕನ್ನಡಿಯ ಮುಂದೆ ಮೂರು ಬೆರಳು.
ಹೋಯಿತು, ಮೂರನೆಯದೂ,
ಉಗುರು ಹಲ್ಲಿಗೆ ತಾಗಿ.